ಮಲ್ಪೆಯ ಕಡಲಿನ ಮೇಲೆ ಕೆಂಪು ಬೆಳಕು: ಪಟಾಕಿಯೋ, ಅಪಾಯದ ಸಂಕೇತವೋ?

ಮೂಡಿಗೆರೆ ತೋಟದವರು:

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದ ಮೇಲೆ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋಗಿಬರುವುದು ನಮ್ಮ ಮನೆಯ ರೂಢಿ. ಈ ಸಲ ರಾತ್ರಿ ಮಲ್ಪೆಯ ದಂಡೆಯಲ್ಲಿ ಕುಳಿತಿದ್ದಾಗ ದೂರದ ಕಡಲಿನ ಮೇಲೆ ಕೆಂಪು ಬೆಳಕೊಂದು ಮೇಲಕ್ಕೆದ್ದು, ಸ್ವಲ್ಪ ಹೊತ್ತು ಅಲ್ಲಿಯೇ ತೂಗುತ್ತ ನಿಂತು, ನಿಧಾನವಾಗಿ ಕೆಳಗಿಳಿದು ಆರಿಹೋಯಿತು. ನಮ್ಮ ಭಾವನವರು ಅದು ಪಟಾಕಿಯೆಂದರು. ಪಕ್ಕದಲ್ಲಿ ಚುರುಮುರಿ ಮಾರುತ್ತಿದ್ದವರು ಯಾವುದೋ ಬೋಟಿನವರು ಸಹಾಯ ಕೇಳುತ್ತಿರಬಹುದೆಂದರು. ದಂಡೆಯಲ್ಲಿದ್ದ ಪೊಲೀಸರಿಗೆ ಹೇಳಿದಾಗ ಅವರು ಕೂಡಲೇ ಫೋನಿನಲ್ಲಿ ವಿಷಯ ಮುಟ್ಟಿಸಿದರು.

ಘಟ್ಟದ ಮೇಲಿನವರಾದ ನಮಗೆ ಇಂತಹ ಸಂಕೇತಗಳ ಪರಿಚಯವಿಲ್ಲ. ಅಪಾಯದ ಬೆಳಕನ್ನು ಬೇರೆ ಬೆಳಕುಗಳಿಂದ ಗುರುತಿಸುವುದು ಹೇಗೆ, ಕಂಡವರು ಏನೇನನ್ನು ಗಮನಿಸಿಟ್ಟುಕೊಂಡು ಯಾರಿಗೆ ತಿಳಿಸಬೇಕು? ಮುಂದಿನ ತಿಂಗಳು ನಮ್ಮ ಹುಡುಗರು ಪರಿಚಯದವರೊಬ್ಬರ ಬೋಟಿನಲ್ಲಿ ಕಡಲಿಗಿಳಿಯುವವರಿದ್ದಾರೆ; ಅವರಿಗೆ ಏನನ್ನು ಹೇಳಿಕೊಡಬೇಕು ಎಂಬುದನ್ನೂ ತಿಳಿದವರು ತಿಳಿಸಬೇಕೆಂದು ವಿನಂತಿ.

ನಿವೃತ್ತ ನಾವಿಕ, ಸಕಲೇಶಪುರ:

ತಾವು ವರ್ಣಿಸಿರುವುದು ಪ್ಯಾರಾಶೂಟ್ ಫ್ಲೇರ್‌ನ ಲಕ್ಷಣಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಹಡಗುಗಳಲ್ಲಿ ಇಡುವ ಈ ರಾಕೆಟ್ಟು ಕನಿಷ್ಠ 300 ಮೀಟರ್ ಎತ್ತರಕ್ಕೆ ಹಾರಿ, ಅಲ್ಲಿ ಪುಟ್ಟ ಪ್ಯಾರಾಶೂಟು ಬಿಚ್ಚಿಕೊಂಡು, ಕಡಿಮೆಯೆಂದರೂ 40 ಸೆಕೆಂಡು ಕಡುಗೆಂಪಾಗಿ ಉರಿಯುತ್ತ ಇಳಿಯಬೇಕೆಂಬ ನಿಯಮವಿದೆ. ಪಟಾಕಿಯ ಬಾಣವು ಸಿಡಿದು, ಬಣ್ಣ ಚೆಲ್ಲಿ, ಕ್ಷಣದಲ್ಲಿ ಮಾಯವಾಗುತ್ತದೆ. ಆಕಾಶಬುಟ್ಟಿಯಾದರೆ ಗಾಳಿಯೊಡನೆ ತೇಲುತ್ತ ಹೋಗುತ್ತದೆ. ವಿಮಾನದ ದೀಪ ಮಿನುಗುತ್ತ ಸಾಗುತ್ತದೆ. ಹಡಗಿನ ಎಡಮಗ್ಗುಲಿನ ಕೆಂಪು ದೀಪ ನೀರಿನ ಅಂಚಿಗೆ ಹತ್ತಿರದಲ್ಲಿ ಸ್ಥಿರವಾಗಿ ಕಾಣುವುದರಿಂದ ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಆದರೂ ಸಂಶಯ ಉಳಿದರೆ ಅದನ್ನು ಅಪಾಯದ ಸಂಕೇತವೆಂದೇ ಎಣಿಸಿ ತಿಳಿಸುವುದು ಸರಿ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗುತ್ತಿದ್ದ ರಾತ್ರಿ ಅದು ಹಾರಿಸಿದ ಬಿಳಿ ರಾಕೆಟ್ಟುಗಳನ್ನು ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಅಧಿಕಾರಿಗಳು ಕಣ್ಣಾರೆ ಕಂಡಿದ್ದರು. ಬಣ್ಣ ಯಾವುದೇ ಇರಲಿ, ಸ್ವಲ್ಪ ಸ್ವಲ್ಪ ಹೊತ್ತಿಗೊಂದರಂತೆ ಹಾರಿಸುವ ರಾಕೆಟ್ಟು ಅಪಾಯದ ಸೂಚನೆಯೆಂದು ಆಗಿನ ನಿಯಮವೇ ಹೇಳುತ್ತಿತ್ತು. ಅವರು ಕ್ಯಾಪ್ಟನ್ನರಿಗೆ ತಿಳಿಸಿದರು, ದೀಪದಿಂದ ಮೋರ್ಸ್ ಸಂಕೇತ ತೋರಿಸಿಯೂ ನೋಡಿದರು. ಮಲಗಿದ್ದ ವೈರ್‌ಲೆಸ್ಸಿನವನನ್ನು ಮಾತ್ರ ಬೆಳಗಿನವರೆಗೆ ಎಬ್ಬಿಸಲಿಲ್ಲ. ಸಂಕೇತ ಕಳಿಸಿದವರು ನಿಯಮದಂತೆಯೇ ಕಳಿಸಿದ್ದರು, ನೋಡಿದವರೇ ಅನುಮಾನದಲ್ಲಿ ಹೊತ್ತು ಕಳೆದರು ಎಂಬುದು ನನ್ನ ಅಭಿಪ್ರಾಯ.

ದಂಡೆಯಲ್ಲಿ ನಿಂತವರು ಗಡಿಯಾರ ನೋಡಿಕೊಂಡು, ಬೆಳಕಿನ ಬಣ್ಣ, ಎಷ್ಟು ಸಲ ಕಂಡಿತು, ಎಷ್ಟು ಹೊತ್ತು ಉರಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ದಿಕ್ಕು ಬಹಳ ಮುಖ್ಯ: ನಿಂತ ಜಾಗದಿಂದ ಕದಲದೆ, ಬೆಳಕು ಯಾವ ದ್ವೀಪದ ಅಥವಾ ಯಾವ ಕಂಬದ ನೇರಕ್ಕೆ ಕಂಡಿತೆಂದು ಗುರುತಿಟ್ಟುಕೊಳ್ಳಬೇಕು. ಎತ್ತರವನ್ನು ಅಳೆಯಲು ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. 300 ಮೀಟರ್ ಏರಿದ ಫ್ಲೇರು ತನ್ನ ತುದಿಯಲ್ಲಿ ನೀರಿನ ಅಂಚಿನಿಂದ ಒಂದು ಮುಷ್ಟಿ ಮೇಲೆ ಕಂಡರೆ ಅದು ಎರಡು ಕಿಲೋಮೀಟರ್ ಒಳಗಿದೆ. ಒಂದೇ ಬೆರಳಿನಗಲ ಮೇಲಿದ್ದರೆ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿದೆ. ಇಷ್ಟನ್ನು ಕರಾವಳಿ ಕಾವಲು ಪಡೆಯ 1554ಕ್ಕೆ, ಅದು ಸಿಗದಿದ್ದರೆ 112ಕ್ಕೆ ಕರೆಮಾಡಿ ಹೇಳಿದರೆ, ಹುಡುಕಬೇಕಾದ ನೀರಿನ ವಿಸ್ತಾರ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಕಡಲಿಗಿಳಿಯುವ ಹುಡುಗರ ವಿಷಯ. ಪ್ಯಾರಾಶೂಟ್ ಫ್ಲೇರು ದೂರದವರ ಗಮನ ಸೆಳೆಯುವುದಕ್ಕೆ. ಒಂದನ್ನು ಹಾರಿಸಿ ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ಹಾರಿಸಿದರೆ, ಮೊದಲನೆಯದನ್ನು ಅರೆಬರೆ ಕಂಡವರಿಗೆ ಖಚಿತವಾಗುತ್ತದೆ. ಮೋಡ ಕೆಳಗಿದ್ದರೆ ನೆಟ್ಟಗೆ ಹಾರಿಸದೆ ಓರೆಯಾಗಿ ಹಾರಿಸಬೇಕು, ಇಲ್ಲವಾದರೆ ಅದು ಮೋಡದೊಳಗೇ ಉರಿದು ಆರುತ್ತದೆ. ಕೈಯಲ್ಲಿ ಹಿಡಿಯುವ ಕೆಂಪು ಫ್ಲೇರು ಒಂದು ನಿಮಿಷದಷ್ಟು ಉರಿಯುತ್ತದೆ. ಅದನ್ನು ಯಾರಾದರೂ ಕಣ್ಣಳತೆಯಲ್ಲಿರುವಾಗ ಮಾತ್ರ ಹೊತ್ತಿಸಬೇಕು. ಕೆಂಡದಂತಹ ಕಸರು ತೊಟ್ಟಿಕ್ಕುವುದರಿಂದ, ಗಾಳಿ ಹೋಗುವ ಮಗ್ಗುಲಿಗೆ ತಿರುಗಿ, ತೋಳನ್ನು ಬೋಟಿನ ಅಂಚಿನಿಂದ ಹೊರಗೆ ಚಾಚಿ, ಮುಖ ತಿರುಗಿಸಿ ಹಿಡಿಯಬೇಕು. ಹಗಲಿನಲ್ಲಿ ಕಿತ್ತಳೆ ಬಣ್ಣದ ಹೊಗೆಯೇ ಮೇಲು. ಹೆಲಿಕಾಪ್ಟರು ಹತ್ತಿರ ಬಂದ ಮೇಲೆ ರಾಕೆಟ್ಟು ಹಾರಿಸಲೇಬಾರದು.

ಬೋಟುಗಳಲ್ಲಿ ಮಾತನಾಡಲು ಬಳಸುವ ವಿ.ಎಚ್.ಎಫ್. ರೇಡಿಯೊ ಇದ್ದರೆ 16ನೆಯ ಚಾನೆಲ್‌ನಲ್ಲಿ, ಜೀವಕ್ಕೆ ಅಪಾಯವಿದೆಯೆಂದು ಸಾರುವ ‘ಮೇಡೇ’ ಎಂಬ ಮಾತನ್ನು ಮೂರು ಸಲ, ಬೋಟಿನ ಹೆಸರನ್ನು ಮೂರು ಸಲ ಹೇಳಿ, ಒಡನೆಯೇ ಇರುವ ಜಾಗವನ್ನು ತಿಳಿಸಬೇಕು. ಆಮೇಲೆ ಒದಗಿದ ಆಪತ್ತು, ಬೇಕಾದ ನೆರವು, ಬೋಟಿನಲ್ಲಿರುವ ಜನರ ಸಂಖ್ಯೆ. ಬ್ಯಾಟರಿ ಯಾವಾಗ ಕೈಕೊಡುತ್ತದೆಂದು ಹೇಳಲಾಗದ್ದರಿಂದ ಜಾಗವನ್ನು ಹಿಂದಕ್ಕೆ ಹಾಕಬಾರದು. ಬರೀ ಎಂಜಿನು ನಿಂತಿದ್ದು ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದರೆ ‘ಪ್ಯಾನ್ ಪ್ಯಾನ್’ ಎಂಬ ತುರ್ತು ಕರೆ ಸಾಕು.

ಹಾಸನದ ನೆಂಟ:

ಮೇಲಿನವರು ದೊಡ್ಡ ಹಡಗಿನ ಪದ್ಧತಿಯನ್ನು ಚೆನ್ನಾಗಿ ಹೇಳಿದ್ದಾರೆ. ನನ್ನ ಹೆಂಡತಿಯ ತವರಿನವರು ಉಡುಪಿ ಕಡೆಯ ಮೀನುಗಾರರು. ಅವರು ಹೇಳುವ ಪ್ರಕಾರ ಆಪತ್ತಿನಲ್ಲಿ ಮೊದಲು ಬಂದು ಮುಟ್ಟುವುದು ಬಹುಪಾಲು ಪಕ್ಕದ ಬೋಟೇ. ಆದ್ದರಿಂದ ಹೊರಡುವ ಮೊದಲೇ ಸುತ್ತ ಯಾವ ಬೋಟುಗಳಿರುತ್ತವೆ, ಅವರೊಡನೆ ವೈರ್‌ಲೆಸ್ಸಿನಲ್ಲಿ ಮಾತನಾಡುವುದು ಹೇಗೆ ಎಂದು ಬೋಟು ನಡೆಸುವ ತಂಡೇಲರನ್ನು ಕೇಳಿಕೊಳ್ಳಲಿ. ದಡ ದೂರವಾದಂತೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅದನ್ನೇ ನೆಚ್ಚಿಕೊಂಡು ಹೋಗುವುದು ಸರಿಯಲ್ಲ.

ಮೀನುಗಾರರಿಗೆಂದೇ ಇಸ್ರೋ ರೂಪಿಸಿದ ಆಪತ್ಸೂಚಕ ಯಂತ್ರವೊಂದಿದೆ, ಡಿ.ಎ.ಟಿ. ಎಂದು ಕರೆಯುತ್ತಾರೆ. ಗುಂಡಿ ಒತ್ತಿದರೆ ಬೋಟಿರುವ ಜಾಗವು ಉಪಗ್ರಹದ ಮೂಲಕ ಕರಾವಳಿ ಕಾವಲು ಪಡೆಗೆ ತಿಳಿಯುತ್ತದೆ, ಹೊಸ ಪೀಳಿಗೆಯ ಯಂತ್ರದಲ್ಲಿ ಕರೆ ತಲುಪಿತೆಂಬ ಮರುಸೂಚನೆಯೂ ಬರುತ್ತದೆ. ಹಡಗುಗಳು ಇಟ್ಟುಕೊಳ್ಳುವ 406 ಮೆಗಾಹರ್ಟ್ಸ್‌ನ ಬೀಕನ್ನಿನ, ಅಂದರೆ ಆಪತ್ತಿನಲ್ಲಿ ರೇಡಿಯೊ ಸಂಕೇತ ಕಳಿಸುವ ಯಂತ್ರದ, ಸಂಕೇತಗಳು ಬರುವುದು ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ. ಅಂತಹ ಸಂಕೇತಗಳನ್ನು ಹಿಡಿದು ಕೊಡುವ ಸಾಧನವನ್ನು ಹೊತ್ತ ಇನ್ಸಾಟ್-3ಡಿ ಉಪಗ್ರಹವನ್ನು ಕಕ್ಷೆಯಲ್ಲಿ ನಿಯಂತ್ರಿಸಿದ್ದು ನಮ್ಮ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್.; ಆ ಕಾಂಪೌಂಡಿನ ಪಕ್ಕದಲ್ಲಿಯೇ ಓಡಾಡುವ ನಮ್ಮೂರಿನವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿದೆ. ಆ ಹೊತ್ತಿನಲ್ಲಿ ‘ಒಂದು ಸುತ್ತು ಹೋಗಿಬರೋಣ’ ಎಂದು ಯಾರಾದರೂ ಕರೆದರೂ ಹುಡುಗರು ಹೋಗದಿರಲಿ.

ಮೂಡಿಗೆರೆ ತೋಟದವರು:

ಇಬ್ಬರಿಗೂ ಧನ್ಯವಾದಗಳು. ಫ್ಲೇರು, ರೇಡಿಯೊ ಎರಡೂ ಇಲ್ಲದ ಸಣ್ಣ ದೋಣಿಯಾದರೆ ಏನು ಮಾಡುವುದು? ಬೇಲೂರಿನ ಯಗಚಿ ಹಿನ್ನೀರಿನಲ್ಲಿ ದೋಣಿ ವಿಹಾರಕ್ಕೆ ಹೋದಾಗಲೂ ಈ ಸಂಕೇತಗಳು ನಡೆಯುತ್ತವೆಯೇ?

ನಿವೃತ್ತ ನಾವಿಕ, ಸಕಲೇಶಪುರ:

ಖಂಡಿತ ನಡೆಯುತ್ತವೆ. ಎರಡೂ ತೋಳುಗಳನ್ನು ಮಗ್ಗುಲಿಗೆ ನೀಳವಾಗಿ ಚಾಚಿ, ನಿಧಾನವಾಗಿ ಮೇಲೆತ್ತಿ ಕೆಳಗಿಳಿಸುತ್ತಲೇ ಇರುವುದು 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿಯೇ ಸೇರಿರುವ ಸಂಕೇತ. ಒಂದು ಕೈಯನ್ನು ಬಿರುಸಾಗಿ ಬೀಸಿದರೆ ದಂಡೆಯವರು ‘ಟಾಟಾ’ ಎಂದುಕೊಂಡು ತಾವೂ ಕೈಬೀಸಿ ಸುಮ್ಮನಾಗುತ್ತಾರೆ; ಆದ್ದರಿಂದ ಆ ನಿಧಾನವನ್ನು ಬಿಡಬಾರದು. ಕತ್ತಲಾದರೆ ಟಾರ್ಚಿನಿಂದ ಮೂರು ಗಿಡ್ಡ, ಮೂರು ಉದ್ದ, ಮತ್ತೆ ಮೂರು ಗಿಡ್ಡ ಬೆಳಕು ತೋರಿಸಬಹುದು. ಬಿಸಿಲಿದ್ದರೆ ಸಣ್ಣ ಕನ್ನಡಿಯ ಹೊಳಪೂ ಬಹುದೂರ ಕಾಣುತ್ತದೆ. ಲೈಫ್ ಜಾಕೆಟ್ಟಿಗೆ ಕಟ್ಟಿರುವ ಪೀಪಿಯನ್ನು ಹೊರಡುವ ಮೊದಲು ಒಮ್ಮೆ ಊದಿ ನೋಡಿಕೊಳ್ಳಲು ಹುಡುಗರಿಗೆ ಹೇಳಿ. ಫ್ಲೇರುಗಳಿದ್ದರೆ ಅವುಗಳ ಮೇಲೆ ಅಚ್ಚಾಗಿರುವ ಅವಧಿಯ ದಿನಾಂಕವನ್ನೂ ಬೋಟು ಏರುವ ಮುನ್ನವೇ ಓದಿಕೊಳ್ಳಲಿ.