70ರ ದಶಕದ ಇಟಾಲಿಯನ್ ಹೋಮ್ ಆರ್ಗನ್: ಈ ತೆಳು ದನಿ ಸ್ವಭಾವವೋ, ರಿಪೇರಿಯ ಲಕ್ಷಣವೋ?

ಪೆಡಲ್13:
ಎರಡು ಕೀಬೋರ್ಡ್, 13 ಪೆಡಲ್, ರಿದಮ್ ಬಾಕ್ಸ್ ಇರುವ ಮರದ ಕ್ಯಾಬಿನೆಟ್ಟಿನ ಆರ್ಗನ್. ತೊಂದರೆಗಳು ಹೀಗಿವೆ:
- 16, 8, 4 ಅಡಿಯ ಟ್ಯಾಬ್ (ಒಂದೊಂದು ಸ್ಥಾಯಿ ಅಂತರದ ದನಿ ಆರಿಸುವ ಗುಂಡಿ) ಮೂರನ್ನೂ ಒತ್ತಿದರೂ ದನಿ ತುಂಬಿಕೊಳ್ಳುವುದಿಲ್ಲ, ಬರೀ ಹರಿತವಾಗುತ್ತದೆ.
- ಎಫ್ ಶಾರ್ಪ್ ಮೇಲಿನ ಸ್ಥಾಯಿಗಳಲ್ಲಿ ಸರಿ. ಕೆಳಗಿನ ಎರಡರಲ್ಲಿ, ಎರಡೂ ಕೀಬೋರ್ಡಿನಲ್ಲಿ, ಮೌನ.
- ಕೆಲವು ಕೀಗಳು ಗಟ್ಟಿಯಾಗಿ ಒತ್ತಿದರೆ ಮಾತ್ರ ಕರಕರ ಎನ್ನುತ್ತಾ ನುಡಿಯುತ್ತವೆ.
- ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ನಿಲ್ಲುವುದಿಲ್ಲ.

ಫಾರ್ಫಿಸಾ ಒಂದಕ್ಕೇ ಬೆಲೆ, ಉಳಿದ ಇಟಾಲಿಯನ್ ಆರ್ಗನ್‌ಗಳೆಲ್ಲ ಆಟಿಕೆ ಎಂಬ ಮಾತು ಎಷ್ಟು ನಿಜ?

ಸ್ಥಾಯಿಭಾವ:
ಮೊದಲನೆಯದು ಸ್ವಭಾವ. ಉಳಿದ ಮೂರೂ ರಿಪೇರಿ.

ಈ ಆರ್ಗನ್‌ಗಳಲ್ಲಿ ಪ್ರತಿ ಕೀಗೂ ಬೇರೆ ಆಸಿಲೇಟರ್ (ಸ್ವರದ ಕಂಪನ ಹುಟ್ಟಿಸುವ ಸರ್ಕ್ಯೂಟ್) ಇರುವುದಿಲ್ಲ. ಹಳೆಯವುಗಳಲ್ಲಿ ಅತಿ ಮೇಲಿನ ಸ್ಥಾಯಿಯ 12 ಸ್ವರಗಳಿಗೆ 12 ಆಸಿಲೇಟರ್. ಅದರ ಕೆಳಗಿನದೆಲ್ಲ ಫ್ಲಿಪ್-ಫ್ಲಾಪ್ ಡಿವೈಡರ್‌ಗಳು ಎರಡೆರಡರಿಂದ ಭಾಗಿಸಿ ಇಳಿಸಿದ್ದು. ಹಾಗಾಗಿ 16 ಮತ್ತು 8 ಅಡಿಯ ದನಿಗಳ ನಡುವೆ ಕೂದಲೆಳೆಯಷ್ಟೂ ಶ್ರುತಿಭೇದ ಬರುವುದಿಲ್ಲ, ಒಂದಕ್ಕೊಂದು ಬೀಗ ಹಾಕಿದಂತೆ ಕೂತಿರುತ್ತವೆ. ಟ್ಯಾಬ್ ಸೇರಿಸಿದಷ್ಟೂ ಹಾರ್ಮೋನಿಕ್ (ಮೂಲ ಸ್ವರದ ಮೇಲಿನ ಕಂಪನಗಳು) ಹೆಚ್ಚುತ್ತದೆ, ಹಲವು ದನಿ ಕೂಡಿ ಹಾಡಿದ ಭಾವ ಮಾತ್ರ ಬರುವುದಿಲ್ಲ. ಮೂಲ ತರಂಗವೂ ಸಾಮಾನ್ಯವಾಗಿ ಸ್ಕ್ವೇರ್, ಅಂದರೆ ಹಾರ್ಮೋನಿಕ್ ತುಂಬಿದ ಚೌಕ ತರಂಗ. ಅದನ್ನು ಫಿಲ್ಟರ್‌ನಲ್ಲಿ ಸೋಸಿ ಕೊಳಲು, ಸ್ಟ್ರಿಂಗ್ ಎಂದು ಹೆಸರಿಟ್ಟಿರುತ್ತಾರೆ. ಹ್ಯಾಮಂಡ್ ಆರ್ಗನ್‌ನ ಟೋನ್‌ವೀಲ್ (ತಿರುಗುವ ಲೋಹದ ಹಲ್ಲುಚಕ್ರ) ಹಾರ್ಮೋನಿಕ್ ಇಲ್ಲದ ಸೈನ್ ತರಂಗಗಳನ್ನು ಕೂಡಿಸಿ ದನಿ ಕಟ್ಟುತ್ತದೆ. ಇದು ಕೆತ್ತಿ ತೆಗೆಯುತ್ತದೆ.

ತಮಾಷೆಯೆಂದರೆ ಈ ಕಾರ್ಖಾನೆಗಳು ಎದ್ದದ್ದೇ ಅಕಾರ್ಡಿಯನ್ ನೆಲದಲ್ಲಿ. ಇಟಲಿಯ ಕಾಸ್ಟೆಲ್‌ಫಿದಾರ್ದೊ ಪಟ್ಟಣದಲ್ಲಿ ಪಾವೊಲೊ ಸೊಪ್ರಾನಿ 1863ರಲ್ಲಿ ಅಕಾರ್ಡಿಯನ್ ತಯಾರಿಕೆ ಶುರುಮಾಡಿದರು. 1946ರಲ್ಲಿ ಅಕಾರ್ಡಿಯನ್ ತಯಾರಕರು ಒಂದಾಗಿ ಕಟ್ಟಿದ್ದೇ ಫಾರ್ಫಿಸಾ. ಎರಡು ರೀಡ್‌ಗಳನ್ನು ಬೇಕೆಂದೇ ತುಸು ತಪ್ಪಿಸಿ ಶ್ರುತಿ ಮಾಡಿ ಅಲೆ ಎಬ್ಬಿಸುವುದು ಕರಗತವಾಗಿದ್ದ ಜನ, ಆ ಅಲೆಯೇ ಹುಟ್ಟದ ವಾದ್ಯ ಮಾಡಿದರು. ಲೆಸ್ಲಿ (ತಿರುಗುವ ಸ್ಪೀಕರ್), ಕೋರಸ್ ಅಥವಾ ಎಕೋ ಸೇರಿಸಿದರೆ ಆ ಕೊರತೆ ನೀಗುತ್ತದೆ. ಪಿಂಕ್ ಫ್ಲಾಯ್ಡ್‌ನ ರಿಕ್ ರೈಟ್ ಫಾರ್ಫಿಸಾ ಕಾಂಪ್ಯಾಕ್ಟ್ ಡ್ಯುಯೊವನ್ನು ಬಿನ್ಸನ್ ಎಕೋರೆಕ್ ಮೂಲಕ ನುಡಿಸುತ್ತಿದ್ದರು, ಆ ಎಕೋ ಕೂಡ ಇಟಲಿಯದ್ದೇ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ತಂಡಕ್ಕೆ ಬೇಕಾಗಿದ್ದದ್ದು ಇದೇ ಹರಿತ, ಅಲುಗದ ದನಿ.

ಇನ್ನು ಹೆಸರಿನ ಪ್ರಶ್ನೆ. ಫಾರ್ಫಿಸಾದ ಖ್ಯಾತಿ ಬಂದದ್ದು ವೇದಿಕೆಯ ಕಾಂಪ್ಯಾಕ್ಟ್ ಸರಣಿಯಿಂದ. ಅದೇ ಹೆಸರಿನ ಹೋಮ್ ಆರ್ಗನ್‌ಗೆ ಆ ಖ್ಯಾತಿ ತಾನಾಗಿ ಅಂಟುವುದಿಲ್ಲ. ಉಳಿದ ಇಟಾಲಿಯನ್ ಕಂಪನಿಗಳಾದ ಎಲ್ಕಾ, ಎಕೋ (Eko), ಕ್ರುಮಾರ್, ವೈಕೌಂಟ್ ಆರ್ಗನ್ ಯಾವುದೂ ಆಟಿಕೆಯಲ್ಲ. ಹೆಸರಿಗಿಂತ ಒಳಗಿನ ಪೀಳಿಗೆ ನೋಡಿ: 12 ಆಸಿಲೇಟರ್‌ನ ಹಳೆಯದೋ, ಒಂದೇ ಚಿಪ್‌ನಿಂದ ಎಲ್ಲ ಸ್ವರ ತೆಗೆಯುವ ಹೊಸದೋ ಎಂದು. ಮತ್ತೆ, ಕ್ಯಾಬಿನೆಟ್ಟಿನ ಸ್ಪೀಕರ್ ಕೇಳಿ ತೀರ್ಪು ಕೊಡಬೇಡಿ. ಲೈನ್ ಔಟ್‌ನಿಂದ ಒಳ್ಳೆಯ ಆಂಪ್ಲಿಫೈಯರ್‌ಗೆ ಕೊಟ್ಟು ಕೇಳಿ; ಆ ಸಾಕೆಟ್ ಹೆಚ್ಚಾಗಿ ಡಿನ್ ಮಾದರಿಯದ್ದು.

ಬಸ್‌ಬಾರ್:
ರಿಪೇರಿಗೆ ಬರೋಣ. ಮೊದಲು ಹಮ್, ಅಂದರೆ ಆ ಗುಂಯ್, ಏಕೆಂದರೆ ಪವರ್ ಸಪ್ಲೈ ಸರಿಯಿಲ್ಲದೆ ಮಿಕ್ಕಿದ್ದನ್ನು ಅಳೆದು ಪ್ರಯೋಜನವಿಲ್ಲ. ವಾಲ್ಯೂಮ್ ಸೊನ್ನೆಯಲ್ಲೂ ಕೇಳುತ್ತದೆ ಎಂದರೆ ವಾಲ್ಯೂಮ್ ದಾಟಿದ ಮೇಲಿನ ಭಾಗ ಅಥವಾ ಸಪ್ಲೈ. ದಪ್ಪ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುತ್ತವೆ, 50 ಹರ್ಟ್ಸ್ ಮೇನ್ಸ್‌ನಲ್ಲಿ ಆ ಗುಂಯ್ 100 ಹರ್ಟ್ಸ್. ಪ್ಲಗ್ ಕಿತ್ತು, 1 ಕಿಲೋಓಮ್ 5 ವ್ಯಾಟ್ ರೆಸಿಸ್ಟರನ್ನು ಕೆಪಾಸಿಟರ್ ಕಾಲುಗಳಿಗೆ ಅರ್ಧ ನಿಮಿಷ ಹಿಡಿದು, 1 ವೋಲ್ಟ್‌ಗಿಂತ ಇಳಿದದ್ದನ್ನು ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. ಹೊಸದಕ್ಕೆ ಅಷ್ಟೇ ಅಥವಾ 20% ಹೆಚ್ಚು ಕೆಪಾಸಿಟನ್ಸ್, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆಯಾಗಬಾರದು, 105 ಡಿಗ್ರಿಯದ್ದು. ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ ಎಲ್ಲಿದೆ ಎಂದೂ ನೋಡಿ. ಮೊದಲ ಸಲ 60 ವ್ಯಾಟ್ ಹಳೇ ಕಾಲದ ತಂತಿ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಆನ್ ಮಾಡಿ. ಮಿಂಚಿ ಮಂಕಾದರೆ ಸರಿ, ಹೊಳೆಯುತ್ತಲೇ ಇದ್ದರೆ ತಕ್ಷಣ ಆಫ್.

ಎಫ್ ಶಾರ್ಪ್: ಮೇಲೆ ನುಡಿಯುತ್ತಿರುವುದರಿಂದ ಆಸಿಲೇಟರ್ ಜೀವಂತ. ಸರಪಳಿಯಲ್ಲಿ ಒಂದು ಹಂತ ಸತ್ತರೆ ಅದರ ಕೆಳಗಿನದೆಲ್ಲ ಮೌನ, ಹಾಗಾಗಿ ಮೌನವಾಗಿರುವುದರಲ್ಲಿ ಅತಿ ಮೇಲಿನ ಹಂತವನ್ನು ಮಾತ್ರ ನೋಡಿ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಪುಟ್ಟ ಆಂಪ್ಲಿಫೈಯರ್‌ಗೆ ತಂತಿ ಎಳೆದರೆ ತರಂಗ ತೋರಿಸುವ ಆಸಿಲೋಸ್ಕೋಪ್ ಕೂಡ ಬೇಡ. ಪಕ್ಕದ ಜಿ ಬೋರ್ಡಿನ ಅದೇ ಬಿಂದುವನ್ನು ಕೇಳಿ ಹೋಲಿಸಿ. ಬೋರ್ಡ್‌ಗಳು ಕಿತ್ತು ಹಾಕುವಂಥವಾದರೆ ಎರಡನ್ನೂ ಅದಲುಬದಲು ಮಾಡಿ: ಮೌನ ಜಾಗ ಬದಲಿಸಿದರೆ ದೋಷ ಬೋರ್ಡಿನದು, ಅಲ್ಲೇ ಉಳಿದರೆ ಕನೆಕ್ಟರ್ ಅಥವಾ ವೈರಿಂಗ್. ಪರೀಕ್ಷೆಯ ಹೊತ್ತು ಸ್ವರ ಅದಲುಬದಲಾಗಿ ಕೇಳುತ್ತದೆ, ಗಾಬರಿ ಬೇಡ. ಟ್ರಾನ್ಸಿಸ್ಟರ್‌ಗೆ ಕೈ ಹಾಕುವ ಮುನ್ನ ಬಿರುಕು ಬಿಟ್ಟ ಬೆಸುಗೆ ಹುಡುಕಿ.

ಕರಕರ ಎನ್ನುವ ಕೀಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಸ್ಥಾಯಿಭಾವ:
ಕೊನೆಯದಕ್ಕೆ ಒಪ್ಪುವುದಿಲ್ಲ. ಸ್ಪ್ರೇ ಹರಿದು ಕೀ ಕೆಳಗಿನ ಹಳೆಯ ಫೋಮ್‌ಗೆ ಇಳಿದರೆ ಅದು ಕರಗಿ ಅಂಟಾಗಿ ಬಸ್‌ಬಾರ್ (ಕೀ ಒತ್ತಿದಾಗ ಅದರ ತಂತಿ ತಗಲುವ ಉದ್ದನೆಯ ಲೋಹದ ಸರಳು) ಮೇಲೇ ಕೂರುತ್ತದೆ. ದಪ್ಪ ಕಾಗದದ ಪಟ್ಟಿಯನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ತಂತಿಗೂ ಬಸ್‌ಬಾರ್‌ಗೂ ನಡುವೆ ತೂರಿಸಿ, ಕೀ ಒತ್ತಿಹಿಡಿದು ಎರಡು ಸಲ ಎಳೆಯಿರಿ. ಉಪ್ಪುಕಾಗದ ಖಂಡಿತ ಬೇಡ, ಲೇಪನ ಹೋದರೆ ಮತ್ತೆ ಬರುವುದಿಲ್ಲ.

ಬಸ್‌ಬಾರ್:
ಫೋಮ್ ವಿಷಯ ಒಪ್ಪಿದೆ. ಫೆಲ್ಟ್ ಇದ್ದರೆ ಸ್ಪ್ರೇಯನ್ನು ಹತ್ತಿಕಡ್ಡಿಗೆ ಹೊಡೆದು ಒರೆಸಬಹುದು, ನೇರವಾಗಿ ಬೇಡ.

ಪೆಡಲ್13:
ಸಪ್ಲೈಯಿಂದ ಶುರುಮಾಡುತ್ತೇನೆ. 12 ಆಸಿಲೇಟರ್‌ನದ್ದೋ, ಒಂದೇ ಚಿಪ್‌ನದ್ದೋ ಎಂದು ತಿಳಿಯುವುದು ಹೇಗೆ?

ಬಸ್‌ಬಾರ್:
ಒಂದೇ ತರಹದ 12 ಬೋರ್ಡ್, ಪ್ರತಿಯೊಂದರಲ್ಲೂ ಫೆರೈಟ್ ತಿರುಪಿನ ಕಾಯಿಲ್ ಇದ್ದರೆ ಹಳೆಯ ಪೀಳಿಗೆ. ಎಂಕೆ50240 ತರಹದ 16 ಕಾಲಿನ ಚಿಪ್ ಕಂಡರೆ ಹೊಸದು. ಅದರಲ್ಲಿ ಸುಮಾರು 2 ಮೆಗಾಹರ್ಟ್ಸ್‌ನ ಒಂದೇ ಕ್ಲಾಕನ್ನು 239ರಿಂದ 478ರವರೆಗಿನ ಸಂಖ್ಯೆಗಳಿಂದ ಭಾಗಿಸಿ ಎಲ್ಲ ಸ್ವರ ತೆಗೆಯುತ್ತಾರೆ, ಶ್ರುತಿ ತಪ್ಪಿದರೆ ಎಲ್ಲವೂ ಒಟ್ಟಿಗೇ ತಪ್ಪುತ್ತದೆ.

ಹಳೆಯದಾದರೆ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ವೈಬ್ರಾಟೊ ಆಫ್ ಮಾಡಿ ಶ್ರುತಿ ಮಾಡಿ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಬಳಸಿ, ಕಬ್ಬಿಣದ್ದು ಹತ್ತಿರ ಬಂದರೇ ಸ್ವರ ಜಾರುತ್ತದೆ. ತಿರುಪು ಮೇಣದಲ್ಲಿ ಬಿಗಿದಿದ್ದರೆ ಬಲ ಹಾಕಬೇಡಿ, ಫೆರೈಟ್ ಎರಡು ಹೋಳಾಗುತ್ತದೆ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ತಿರುಗಿಸಿ, ಆರಿದ ಮೇಲೆ ಇನ್ನೊಮ್ಮೆ ಟ್ಯೂನರ್ ನೋಡಿ.