ಅಕ್ಕಾ, ತಮ್ಮನ ಮೋಲ್ಡ್ ಸರ್ಟಿಫಿಕೇಟ್ ವಿಷಯಕ್ಕೆ

ಅಕ್ಕಾ, ನಿಮ್ಮ ಮೆಸೇಜ್ ಈಗ ನೋಡಿದೆ. ತಮ್ಮನಿಗೆ ಗ್ರೀನ್ ಕಾರ್ಡ್ ಬಂದಿದೆ, ಹ್ಯೂಸ್ಟನ್‌ನಲ್ಲಿ ಕೆಲಸ ಹುಡುಕುತ್ತಿದ್ದಾನೆ, ಯಾರೋ ಮೋಲ್ಡ್ ರೆಮಿಡಿಯೇಷನ್, ಅಂದರೆ ಮನೆಗೆ ಹಿಡಿದ ಬೂಷ್ಟು ತೆಗೆಯುವ ಕೆಲಸ, ಒಳ್ಳೆ ಲೈನು ಅಂದಿದ್ದಾರೆ, ಆನ್‌ಲೈನ್‌ನಲ್ಲಿ ಒಂದೇ ದಿನಕ್ಕೆ ಸರ್ಟಿಫಿಕೇಟ್ ಕೊಡುತ್ತಾರಂತೆ, ದುಡ್ಡು ಕಟ್ಟಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಕಟ್ಟಬೇಡಿ. ಕೆಲಸ ಬೇಡ ಅಂತ ಅಲ್ಲ, ಕೆಲಸ ಒಳ್ಳೆಯದೇ. 2017ರಲ್ಲಿ ಹಾರ್ವಿ ಚಂಡಮಾರುತ ಬಂದ ಮೇಲೆ ನಾನೂ ಇದಕ್ಕೇ ಇಳಿದವನು, ಇವತ್ತಿಗೂ ಇದರಲ್ಲೇ ಇದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಅವನಿಗೂ ಕೇಳಿಸಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸರ್ಕಾರ ಕೊಡುವ ಲೈಸೆನ್ಸ್ ಬೇರೆ, ತರಬೇತಿ ಸಂಸ್ಥೆಗಳು ಕೊಡುವ ಸರ್ಟಿಫಿಕೇಟ್ ಬೇರೆ. ಅಮೆರಿಕಾದಲ್ಲಿ ಇಡೀ ದೇಶಕ್ಕೆ ಅಂತ ಒಂದು ಮೋಲ್ಡ್ ಲೈಸೆನ್ಸ್ ಇಲ್ಲ. ಅಲ್ಲಿನ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೂಡ ಯಾರಿಗೂ ಇದರಲ್ಲಿ ಸರ್ಟಿಫಿಕೇಟ್ ಕೊಡುವುದಿಲ್ಲ. ಹಾಗಾಗಿ "ಇಪಿಎ ಸರ್ಟಿಫೈಡ್ ಮೋಲ್ಡ್ ಕೋರ್ಸ್" ಅಂತ ಎಲ್ಲಾದರೂ ಬರೆದಿದ್ದರೆ ಅಲ್ಲೇ ಬಿಟ್ಟುಬಿಡಿ, ಮುಂದೆ ಓದುವುದೇ ಬೇಡ. ಏನಿದ್ದರೂ ಆಯಾ ರಾಜ್ಯದ್ದು. ಟೆಕ್ಸಸ್‌ನಲ್ಲಿ ಟಿಡಿಎಲ್‌ಆರ್ ಅನ್ನುವ ಲೈಸೆನ್ಸಿಂಗ್ ಇಲಾಖೆ ನೋಡಿಕೊಳ್ಳುತ್ತದೆ. 2017ರ ನವೆಂಬರ್‌ಗೆ ಮುಂಚೆ ಆರೋಗ್ಯ ಇಲಾಖೆಯ ಕೈಯಲ್ಲಿತ್ತು, ಅದಕ್ಕೇ ಕೆಲವು ಹಳಬರು ಇನ್ನೂ ಆ ಆಫೀಸಿನ ಹೆಸರು ಹೇಳುತ್ತಾರೆ, ಅದನ್ನು ನಂಬಿ ಅಲೆಯಬೇಡಿ.

ತಮ್ಮನಿಗೆ ಈಗ ಬೇಕಿರುವುದು ವರ್ಕರ್ ರಿಜಿಸ್ಟ್ರೇಷನ್ ಅಷ್ಟೇ. ಟಿಡಿಎಲ್‌ಆರ್ ಒಪ್ಪಿದ 4 ಗಂಟೆಯ ಕ್ಲಾಸ್, ಆಮೇಲೆ ಅರ್ಜಿ. ಅದು ಕೈಗೆ ಬಂದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಳಗೆ ಕೆಲಸ ಮಾಡಬಹುದು. ತಾನೇ ಕಂಟ್ರಾಕ್ಟರ್ ಆಗಬೇಕು ಅಂದರೆ 40 ಗಂಟೆ ತರಬೇತಿ, ರಾಜ್ಯದ ಪರೀಕ್ಷೆ, ಇನ್ಶೂರೆನ್ಸ್, ಅದರ ಮೇಲೆ ಓದು ಅನುಭವ ಎಲ್ಲ ನೋಡುತ್ತಾರೆ. ಅದು ಈಗಲೇ ಬೇಡ. ಇನ್ನೊಂದು ಮಾತು, ಬೂಷ್ಟು ಹಿಡಿದ ಜಾಗ ಒಂದೇ ಕಡೆ 25 ಚದರ ಅಡಿಗಿಂತ ಕಮ್ಮಿ ಇದ್ದರೆ ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಕಾಗುವುದಿಲ್ಲ. ಈ ಸಡಿಲಿಕೆ ತೋರಿಸಿ "ಲೈಸೆನ್ಸೇ ಬೇಡ, ನಾಳೆಯಿಂದ ಬಾ" ಅನ್ನುವವರು ಇದ್ದಾರೆ. ಗೋಡೆ ಒಡೆಯುವವರೆಗೂ ಒಳಗೆ ಎಷ್ಟಿದೆ ಅಂತ ಯಾರಿಗೆ ಗೊತ್ತು ಹೇಳಿ? ಹೊರಗೆ ಅಂಗೈ ಅಗಲ ಕಂಡದ್ದು ಒಳಗೆ ಇಡೀ ಗೋಡೆ ಹಿಡಿದಿರುತ್ತದೆ. ಮುಂದೆ ಬೇರೆ ರಾಜ್ಯಕ್ಕೆ ಹೋದರೆ ಲೆಕ್ಕ ಬೇರೆ. ಫ್ಲೋರಿಡಾ, ನ್ಯೂಯಾರ್ಕ್‌ನಲ್ಲಿ 10 ಚದರ ಅಡಿಗೇ ನಿಯಮ ಶುರುವಾಗುತ್ತದೆ, ಎಷ್ಟೋ ರಾಜ್ಯಗಳಲ್ಲಿ ಲೈಸೆನ್ಸೇ ಇಲ್ಲ.

ಸರ್ಟಿಫಿಕೇಟ್ ವಿಷಯಕ್ಕೆ ಬಂದರೆ, ಈ ಕ್ಷೇತ್ರದಲ್ಲಿ ಎಲ್ಲರೂ ಕೇಳುವುದು ಐಐಸಿಆರ್‌ಸಿ ಅನ್ನುವ ಸಂಸ್ಥೆಯ ಹೆಸರು, ಇದು ಸರ್ಕಾರದ್ದಲ್ಲ. ಅದರಲ್ಲಿ ಬೂಷ್ಟು ತೆಗೆಯುವುದಕ್ಕೆ ಅಂತ ಇರುವ ಕೋರ್ಸ್ ಎಎಂಆರ್‌ಟಿ. ಆದರೆ ನೇರವಾಗಿ ಅದಕ್ಕೆ ಹೋಗಲು ಬಿಡುವುದಿಲ್ಲ, ಮೊದಲು ಡಬ್ಲ್ಯೂಆರ್‌ಟಿ, ಅಂದರೆ ನೀರು ನುಗ್ಗಿದ ಮನೆಯನ್ನು ಒಣಗಿಸುವ ಕೋರ್ಸ್, ಮುಗಿಸಿರಬೇಕು. ಎಷ್ಟೋ ಜನ ಇದನ್ನು ಸುಮ್ನೆ ದುಡ್ಡು ಕೀಳುವ ದಾರಿ ಅಂತಾರೆ. ನನ್ನ ಪ್ರಕಾರ ಇಡೀ ತರಬೇತಿಯಲ್ಲಿ ಇದಕ್ಕಿಂತ ಸರಿಯಾದ ನಿಯಮ ಇನ್ನೊಂದಿಲ್ಲ. ಬೂಷ್ಟು ಅಂದರೆ ನೀರಿನ ಸಮಸ್ಯೆ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಹೆಚ್ಚಿನ ಕಡೆ ಅದು ಬರುವುದೇ ಇಲ್ಲ. ನಮ್ಮ ಮಲೆನಾಡಲ್ಲಿ ಮಳೆಗಾಲಕ್ಕೆ ಗೋಡೆ ಮೇಲೆ ಬೂಷ್ಟು ಬಂದರೆ ಒರೆಸಿ ಸುಣ್ಣ ಹೊಡೆಯುತ್ತೇವೆ ಅಲ್ವಾ, ಇಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ ಗೋಡೆ ಡ್ರೈವಾಲ್, ಜಿಪ್ಸಮ್‌ನ ಎರಡೂ ಕಡೆ ಕಾಗದ ಅಂಟಿಸಿದ ಹಲಗೆ, ಆ ಕಾಗದವೇ ಬೂಷ್ಟಿಗೆ ಊಟ. ನೆಲದಲ್ಲಿ ನಾಲ್ಕು ಇಂಚು ನೀರು ನಿಂತರೆ ಹಲಗೆ ಅದನ್ನು ಹೀರಿಕೊಂಡು ಇನ್ನೂ ಮೇಲಕ್ಕೆ ಎಳೆದುಕೊಂಡಿರುತ್ತದೆ. ಮೀಟರ್ ಹಿಡಿದು ತೇವ ಎಲ್ಲಿವರೆಗೆ ಏರಿದೆ ಅಂತ ನೋಡಲು ಬಾರದವನು ಎಲ್ಲಿ ಕತ್ತರಿಸಬೇಕು ಅಂತ ಹೇಗೆ ಹೇಳುತ್ತಾನೆ?

ಕೆಲಸ ಹೇಗಿರುತ್ತದೆ ಅಂತಲೂ ಅವನಿಗೆ ಗೊತ್ತಿರಲಿ. ಔಷಧಿ ಸಿಂಪಡಿಸಿ ಬರುವ ಕೆಲಸ ಅಲ್ಲ ಇದು. ಮೊದಲು 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ದಪ್ಪದ ಪ್ಲಾಸ್ಟಿಕ್ ಶೀಟಿನಿಂದ ಆ ಜಾಗವನ್ನು ಬೇರೆ ಮಾಡಬೇಕು, ಒಳಗೆ ಹೋಗಿ ಬರಲು ಜಿಪ್ ಬಾಗಿಲು, ಎಸಿ ಗಾಳಿ ಬರುವ ಕಿಂಡಿಗಳಿಗೆಲ್ಲ ಟೇಪ್. ಆಮೇಲೆ ಹೆಪಾ ಅನ್ನುವ, ತೀರಾ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್ ಇರುವ ನೆಗೆಟಿವ್ ಏರ್ ಮಷಿನ್ ಹಾಕಿ ಒಳಗಿನ ಗಾಳಿಯನ್ನು ಎಳೆದು ಮನೆಯ ಹೊರಗೆ ಬಿಡಬೇಕು. ಮಷಿನ್ ಹಾಕಿದ ತಕ್ಷಣ ಶೀಟ್ ನೋಡಬೇಕು. ಅದು ಒಳಗಡೆಗೆ ಎಳೆದುಕೊಂಡು ನಿಂತರೆ ಸರಿ. ಜೋಲು ಬಿದ್ದಿದ್ದರೆ, ಹೊರಕ್ಕೆ ಉಬ್ಬಿದ್ದರೆ, ಎಲ್ಲೋ ತೂತಿದೆ ಇಲ್ಲ ಮಷಿನ್ ಸಾಲುತ್ತಿಲ್ಲ, ಅದು ಸರಿಯಾಗುವವರೆಗೂ ಗೋಡೆಗೆ ಕೈ ಹಾಕಬಾರದು. ಯಾಕೆಂದರೆ ಹಲಗೆ ಕಿತ್ತಾಗ ಏಳುವ ಕಣ ಪಕ್ಕದ ರೂಮಲ್ಲಿ ಮಲಗಿರುವ ಮಗುವಿನ ಹಾಸಿಗೆಗೆ ಹೋಗಿ ಕೂರುತ್ತದೆ. ಹಲಗೆ ತೆಗೆದು ಚೀಲಕ್ಕೆ ಕಟ್ಟಿ, ಒಳಗಿನ ಮರದ ಕಂಬಗಳನ್ನು ಹೆಪಾ ವ್ಯಾಕ್ಯೂಮ್ ಮಾಡಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ವ್ಯಾಕ್ಯೂಮ್, ಒದ್ದೆ ಬಟ್ಟೆಯಲ್ಲಿ ಒರೆಸು. ಬೆನ್ನು ಬಿದ್ದುಹೋಗುತ್ತದೆ, ಸೆಕೆ ಬೇರೆ. ಬ್ಲೀಚ್ ಸುರಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಅದನ್ನು ಅಲ್ಲಿಂದ ತೆಗೆಯಲೇಬೇಕು.

ಮಾಸ್ಕ್ ವಿಷಯ ದಯವಿಟ್ಟು ಒತ್ತಿ ಹೇಳಿ. ರೆಸ್ಪಿರೇಟರ್ ಹಾಕುವ ಮುಂಚೆ ವೈದ್ಯಕೀಯ ತಪಾಸಣೆ, ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ಫಿಟ್ ಟೆಸ್ಟ್, ಅದೂ ಪ್ರತಿ ವರ್ಷ, ಇದು ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಓಷಾ ಅನ್ನುವ ಸರ್ಕಾರಿ ಸಂಸ್ಥೆಯ ನಿಯಮ. ಖರ್ಚು ಮಾಲೀಕನದು. ಅವನಿಗೆ ಗಡ್ಡದ ಮೇಲೆ ಆಸೆ ಜಾಸ್ತಿ ಅಂತ ಗೊತ್ತು, ಆದರೆ ರಬ್ಬರ್ ಅಂಚು ಕೂರುವ ಕಡೆ ಕೂದಲಿದ್ದರೆ ಮಾಸ್ಕ್ ಹಾಕಿಯೂ ಪ್ರಯೋಜನವಿಲ್ಲ, ತೆಗೆಯಲೇಬೇಕು.

ಇನ್ನೊಂದು, ಟೆಕ್ಸಸ್‌ನಲ್ಲಿ ಪರೀಕ್ಷೆ ಮಾಡುವವರೂ ತೆಗೆಯುವವರೂ ಒಂದೇ ಕೆಲಸದಲ್ಲಿ ಒಬ್ಬರೇ ಆಗುವಂತಿಲ್ಲ. ಏನು ಮಾಡಬೇಕು ಅಂತ ಪರೀಕ್ಷೆ ಮಾಡುವ ಕನ್ಸಲ್ಟೆಂಟ್ ಬರೆದುಕೊಡುತ್ತಾರೆ, ಕಂಟ್ರಾಕ್ಟರ್ ಮಾಡುತ್ತಾನೆ, ಕೊನೆಗೆ ಕನ್ಸಲ್ಟೆಂಟ್ ಬಂದು ನೋಡಿ ಸರಿಯಾಗಿದೆ ಅಂದ ಮೇಲೇ ಮನೆಯವರ ಕೈಗೆ ಬೂಷ್ಟು ತೆಗೆದಾಗಿದೆ ಅನ್ನುವ ಸರ್ಟಿಫಿಕೇಟ್. ಮನೆ ಮಾರುವಾಗ, ಇನ್ಶೂರೆನ್ಸ್ ಮಾಡಿಸುವಾಗ ಆ ಕಾಗದ ಬೇಕಾಗುತ್ತದೆ. "ಎರಡೂ ನಾವೇ ಮಾಡಿಕೊಡುತ್ತೇವೆ" ಅನ್ನುವ ಕಂಪನಿಗೆ ಇವನು ಸೇರುವುದೇ ಬೇಡ.

ಹಾಗಾಗಿ ಈಗ 4 ಗಂಟೆ ಕ್ಲಾಸ್, ರಿಜಿಸ್ಟ್ರೇಷನ್, ಒಂದು ಒಳ್ಳೆ ತಂಡ. ಒಂದಷ್ಟು ತಿಂಗಳು ಕೈ ಪಳಗಲಿ, ಆಮೇಲೆ ಡಬ್ಲ್ಯೂಆರ್‌ಟಿ, ಅದಾದ ಮೇಲೆ ಎಎಂಆರ್‌ಟಿ. ಕೆಲವು ಕಂಪನಿಗಳು ಆ ಫೀಸನ್ನೂ ತಾವೇ ಕಟ್ಟುತ್ತವೆ, ಇಂಟರ್‌ವ್ಯೂನಲ್ಲೇ ಕೇಳಲಿ, ನಾಚಿಕೆ ಬೇಡ. ಫಿಟ್ ಟೆಸ್ಟ್ ಯಾವಾಗ ಮಾಡಿಸುತ್ತೀರಿ ಅಂತಲೂ ಕೇಳಲಿ, ಉತ್ತರ ತಡವರಿಸಿದರೆ ಎದ್ದು ಬರಲಿ. ನೀವು ನೋಡಿದ ಆ ಆನ್‌ಲೈನ್ ಕೋರ್ಸಿನ ಹೆಸರು ಇಲ್ಲೇ ಹಾಕಿ ಅಕ್ಕಾ, ಟಿಡಿಎಲ್‌ಆರ್ ಪಟ್ಟಿಯಲ್ಲಿ ಇದೆಯಾ ಅಂತ ರಾತ್ರಿ ನೋಡಿ ಹೇಳುತ್ತೇನೆ.