ಚೆಸ್‌ನಾಗ ಒಂದ್ ಕುದುರಿ ಹೋದ್ರ ಹುಡುಗ ಪೂರಾ ಆಟಾನೇ ಬಿಟ್ಟುಬಿಡ್ತಾನ, ಏನ್ ಮಾಡ್ಬೇಕ್ರಿ?

ಕಲಬುರಗಿ_ಮಾಮ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ತಂಗಿ ಮಗ ಆರನೇ ಕ್ಲಾಸ್ ಓದ್ಲತಾನ, ಚೆಸ್ ಅಂದ್ರ ಜೀವ. ಮನ್ಯಾಗ ಪಜಲ್ ಎಲ್ಲಾ ಪಟಾಪಟ್ ಬಿಡಿಸ್ತಾನ ಆದ್ರ ಟೂರ್ನಮೆಂಟ್‌ನಾಗ ಕುಂತ್ರ ಬ್ಯಾರೇನೇ ಹುಡುಗ. ಹೋದ ಐತಾರ ಇಲ್ಲೇ ಜೇವರ್ಗಿ ರೋಡ್ ಕಡಿ ಒಂದ್ ರ‍್ಯಾಪಿಡ್, ಅಂದ್ರ ಲಗೂ ಮುಗಿಯೋ ಆಟದ ಟೂರ್ನಮೆಂಟ್ ಇತ್ತು, ಎದುರಿನವ ಒಂಟಿಲಿಂದ ಇವನ ಕುದುರಿ ಹೊಡ್ದ, ಇವನ ಕಿವಿ ಎರಡೂ ಕೆಂಪಗಾದ್ವು, ಗಡಿಯಾರದಾಗ ಇನ್ನಾ ಟೈಮ್ ಭಾಳ ಇದ್ರೂ ಪಟ್ ಪಟ್ ಅಂತ ಆಡ್ಲಿಕತ್ತ, ವಜೀರೂ ಹೋಯ್ತು, ಸೋತೆ ಅಂತ ಒಪ್ಪಿ ಕೈ ಕೊಟ್ಟು ಎದ್ದು ಬಂದು ಗ್ವಾಡಿಗಿ ಮಾರಿ ಮಾಡಿ ಅತ್ತ. ಮುಂದಿನ ಗೇಮ್‌ನಾಗ ಉಲ್ಟಾ, ಇವನ ಕಡಿ ಒಂದ್ ವಜೀರ್ ಹೆಚ್ಚಿತ್ತು, ಖುಷಿಲಿಂದ ಕೈ ನಡಗ್ಲತಿತ್ತು, ಸ್ಟೇಲ್‌ಮೇಟ್ ಮಾಡಿ, ಅಂದ್ರ ಚೆಕ್ ಇಲ್ದೇ ಎದುರಿನವಗ ಆಡ್ಲಿಕ್ಕ ಮೂವೇ ಇಲ್ದಂಗ ಮಾಡಿ, ಆಟ ಡ್ರಾ ಆಗಿ ಅರ್ಧ ಪಾಯಿಂಟ್ ಕಳ್ಕೊಂಡ. ಅವರಪ್ಪ ಗಂಡ್ ಹುಡುಗ ಆಗಿ ಅಳ್ತಿ ಏನೋ ಅಂತ ಬೈತಾರ, ನನಗ ಅದು ಸರಿ ಅನ್ಸಲ್ಲ. ಓಪನಿಂಗ್, ಅಂದ್ರ ಆಟದ ಸುರುವಿನ ಮೂವ್ ಕಲ್ಸೋರು ಬೇಕಾದಷ್ಟು ಮಂದಿ ಅದಾರ, ಈ ಮನಸ್ಸು ಹಿಡಿಯೋದನ್ನ ಹ್ಯಾಂಗ ಕಲಿಸ್ಬೇಕು?

ಬೀದರ್_ಆರ್ಬಿಟರ್:
ಅಣ್ಣಾ, ನಾ ಆರ್ಬಿಟರ್, ಅಂದ್ರ ಚೆಸ್‌ನ ಅಂಪೈರ್, ಮಕ್ಕಳ ಟೂರ್ನಮೆಂಟ್‌ನಾಗ ನಿಂತು ನೋಡ್ತಿರ್ತೀನಿ, ಇದು ಭಾಳ ಮಕ್ಕಳಿಗಿ ಅದ. ಕಾಯಿ ಹೋದ ಕೂಡ್ಲೆ ಎದಿ ಹೊಡ್ಕೊಳ್ತದ, ಕಣ್ಣು ಆ ಒಂದೇ ಮನಿಗಿ ಅಂಟ್ತದ, ಬಾಕಿ ಬೋರ್ಡ್ ಕಾಣೋದೇ ಇಲ್ಲ. ಆವಾಗ ಸಮಾಧಾನ ಮಾಡ್ಕೋ ಅಂದ್ರ ಏನೂ ಉಪಯೋಗಿಲ್ರಿ, ಕೈಗಿ ಕೆಲಸ ಹೇಳ್ಬೇಕು. ಎರಡೂ ಕೈ ತೊಡಿ ಕೆಳಗ ಇಟ್ಕೊಂಡ್ ಕುಂಡ್ರು ಅನ್ರಿ, ಟಚ್ ಮೂವ್ ಇರೋದ್ರಿಂದ ಕೈ ತಾಕ್ತಂದ್ರ ಆ ಕಾಯಿನೇ ಆಡ್ಬೇಕಲ್ಲ. ಉಸಿರು ತಗೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಲಿ, ಹಂಗ ನಾಕೈದು ಸಲ ಬಿಟ್ರ ಎದಿ ಬಡಿತ ಇಳೀತದ. ಆಮ್ಯಾಲ ಎದುರಿನವ ಈಗ ಏನ್ ಮಾಡ್ಲಿಕ್ಕ ಹೊಂಟಾನ ಅಂತ ಒಂದೇ ಪ್ರಶ್ನೆ, ಕುದುರಿ ಯಾಕ ಹೋಯ್ತು ಅನ್ನೋದು ಮನಿಗಿ ಹೋದ ಮ್ಯಾಲಿನ ಮಾತು. ಹಾಂ, ಮೂವ್‌ನ ಮೊದಲ ಹಾಳ್ಯಾಗ ಬರಿ, ಆಮ್ಯಾಲ ಆಡು ಅಂತ ಹಳೇ ಮಂದಿ ಹೇಳ್ತಿದ್ರು, ಅದನ್ನ ಕಲಿಸ್ಬ್ಯಾಡ್ರಿ, ಫಿಡೆ, ಅಂದ್ರ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ನಿಯಮದಾಗ ಈಗ ನಡಿಯಲ್ಲ.

ಗೆಲ್ಲೋ ಹೊತ್ತಿನ ನಡುಕ ಇನ್ನಾ ಕಷ್ಟ. 2024ರ ಡಿಸೆಂಬರ್ 12, ಸಿಂಗಪುರದಾಗ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಗೇಮ್ ನೋಡ್ರಿ. 12ನೇ ಗೇಮ್ ಸೋತು ನಮ್ಮ ದೇಶದ ಗುಕೇಶ್ 6-6ಕ್ಕ ಬಂದಿದ್ದ, 13 ಡ್ರಾ, ಇದು ಕೊನೀದು. ಎದುರಿಗಿದ್ದ ಚೀನಾದ ಡಿಂಗ್ ಲಿರೆನ್ 55ನೇ ಮೂವ್‌ನಾಗ ಆನಿ ತಪ್ಪು ಮನಿಗಿ ಇಟ್ಟ. ಗುಕೇಶ್‌ಗ ಗೊತ್ತಾಗಿದ್ದು ಮಾರಿ ಮ್ಯಾಲೇ ಕಾಣ್ತದ, ಆದ್ರೂ ಗಡಬಡಿಸಿ ಕೈ ಹಾಕಲಿಲ್ಲ, ನೀರು ಕುಡ್ದ, ಜರಾ ತಡದ, ಆಮ್ಯಾಲ ಆನಿ ಹೊಡ್ದ. ಆವಾಗ ಅವನಿಗಿ 18 ವರ್ಷ. ಡಿಂಗ್ ಸೋಲು ಒಪ್ಪಿ ಕೈ ಕೊಟ್ಟ ಮ್ಯಾಲ ಗುಕೇಶ್ ಅಲ್ಲೇ ಬೋರ್ಡ್ ಮುಂದ ಕುಂತು ಅತ್ತ. ಅವರಪ್ಪಗ ಆ ವಿಡಿಯೋ ಒಮ್ಮಿ ತೋರ್ಸ್ರಿ. ಇದಕ್ಕಂತನೇ ಅವನ ಜೋಡಿ ಪ್ಯಾಡಿ ಅಪ್ಟನ್ ಅಂತ ಕೋಚ್ ಇದ್ರು, 2011ರ ಕ್ರಿಕೆಟ್ ವಿಶ್ವಕಪ್‌ನಾಗ ನಮ್ಮ ಟೀಮ್ ಜೋಡಿ ಇದ್ದವರು.

ಯಾದಗಿರಿ_ಅವ್ವ:
ಅಣ್ಣೋರೆ, ನಮ್ಮ ಮಗಳೂ ಆಡ್ತಾಳ. ಗೇಮ್ ಮುಗಿಸಿ ಹೊರಗ ಬಂದ ಕೂಡ್ಲೆ ಏನಾಯ್ತು ಅಂತ ಯಾರೂ ಕೇಳಂಗಿಲ್ಲ ಅಂತ ನಮ್ಮನ್ಯಾಗ ಮಾಡೀವಿ. ಮೊದಲ ಮಜ್ಜಿಗಿ, ಒಂದೀಟು ಶೇಂಗಾ ಉಂಡಿ, ನೆರಳಾಗ ಕುಂಡ್ರೋದು. ನಮ್ಮ ಕಡಿ ಬಿಸಿಲು ನಿಮಗ ಗೊತ್ತೇ ಅದ, ಮಧ್ಯಾಹ್ನದ ರೌಂಡ್‌ನಾಗಿನ ಅರ್ಧ ಸಿಟ್ಟು ನೀರಡಿಕಿದೇ ಇರ್ತದ. ಮರುದಿನ ಸಂಜಿಗಿ ಅಕಿನೇ ಗೇಮ್ ನೆನಪು ಮಾಡಿ ಬರೀತಾಳ, ಮೂವ್ ಬಾಜುಕ ಇಲ್ಲಿ ಹೆದರಿಕಿ ಬಂತು, ಇಲ್ಲಿ ಗೆದ್ದೇ ಅಂದ್ಕೊಂಡೆ ಅಂತ ಪೆನ್ಸಿಲ್‌ಲಿಂದ. ಹಂಗ ಬರದು ಬರದು ತನಗ ಯಾವಾಗ ಗಡಿಬಿಡಿ ಆಗ್ತದ ಅಂತ ತಾನೇ ಹೇಳ್ಲತಾಳ ಈಗ.

ಪ್ಯಾದಿ_ಕಲಬುರಗಿ:
ಮಾಮಾ, ಹುಡುಗ ಫೋನ್‌ನಾಗ 3 ನಿಮಿಷದ ಬ್ಲಿಟ್ಜ್ ಆಡ್ತಾನೇನು ಮೊದಲ ನೋಡ್ರಿ. ಸೋತ ಕೂಡ್ಲೆ ಇನ್ನೊಂದು, ಅದು ಸೋತ್ರ ಮತ್ತೊಂದು, ಸಿಟ್ಟಿನಾಗ ಲಗೂ ಲಗೂ ಆಡೋದೇ ಅಲ್ಲಿ ರೂಢಿ ಆಗ್ತದ, ಬೋರ್ಡ್ ಮುಂದ ಬಂದಾಗ ಅದೇ ಕೈ ಬರ್ತದ. ಸಾಲಾಗಿ ಎರಡು ಸೋತ್ರ ಫೋನ್ ಕೆಳಗ ಇಡ್ಸ್ರಿ. ಲಿಚೆಸ್ ಅನ್ನೋ ಚೆಸ್ ಆ್ಯಪ್‌ನಾಗ ಝೆನ್ ಮೋಡ್ ಹಾಕಿದ್ರ ಆಡೋವಾಗ ರೇಟಿಂಗ್ ಕಾಣಲ್ಲ, ಚಲೋ ಅದ. ಮತ್ತ ಸಿಟ್ಟೇ ಬರಬಾರ್ದು ಅಂತ ಹೇಳ್ಬ್ಯಾಡ್ರಿ, 5 ಸಲ ವಿಶ್ವ ಚಾಂಪಿಯನ್ ಆದ ಕಾರ್ಲ್‌ಸನ್ನೇ 2025ರಾಗ ನಾರ್ವೆ ಚೆಸ್‌ನಾಗ ಗುಕೇಶ್ ಕೈಲಿ ಸೋತು ಟೇಬಲ್ ಗುದ್ದಿದ.

ಯಾದಗಿರಿ_ಅವ್ವ:
ತಮ್ಮಾ, ಸಿಟ್ಟು ಬರ್ಲಿ, ಆದ್ರ ಎದುರಿಗಿ ಇನ್ನೊಂದ್ ಕೂಸು ಕುಂತಿರ್ತದ. ಟೇಬಲ್ ಗುದ್ದಿದ್ರ ಅದು ಹೆದರ್ತದ. ಕೈ ಕೊಟ್ಟೇ ಏಳ್ಬೇಕು.

ಕಲಬುರಗಿ_ಮಾಮ:
ಎಲ್ಲಾರಿಗೂ ಭಾಳ ಉಪಕಾರ ಆಯ್ತು, ಬ್ಲಿಟ್ಜ್ ಆಡ್ತಾನ, ರಾತ್ರಿ ಹಾಸಿಗ್ಯಾಗೂ ಆಡ್ತಾನ, ಇವತ್ತೇ ನೋಡ್ತೀನಿ. ಆರ್ಬಿಟರ್ ಸರ್, ಆಟದ ನಡುವ ಎದ್ದು ಹೋದ್ರ ಬೈತಾರ ಅಂತ ಅವನಿಗಿ ಹೆದರಿಕಿ, ಏಳಬೌದೇನ್ರಿ?

ಬೀದರ್_ಆರ್ಬಿಟರ್:
ಏಳಬೌದ್ರಿ. ಎದುರಿನವನ ಗಡಿಯಾರ ನಡ್ಯೋವಾಗ ಎದ್ದು ಹಾಲ್‌ನಾಗೇ ತಿರುಗಾಡಿ ಬರ್ಲಿ. ತನ್ನ ಮೂವ್ ಇದ್ದಾಗ ಆಟದ ಜಾಗ ಬಿಟ್ಟು ಹೊರಗ ಹೋಗ್ಬೇಕಂದ್ರ ಆರ್ಬಿಟರ್‌ನ ಕೇಳ್ಬೇಕು, ಕೈ ಎತ್ತಿದ್ರ ಸಾಕು, ನಾವೇ ಬರ್ತೀವಿ. ನೀರಿನ ಬಾಟ್ಲಿ ಕುರ್ಚಿ ಬಾಜುಕೇ ಇಟ್ಟು ಕಳಸ್ರಿ.